ಎಡಸುತ್ತಿನ ತಿರುಪು

ಪಾಂಡವಪುರದಲ್ಲಿ ತಿಮ್ಮರಾಜುವಿನ ಶೆಡ್ಡು ಎಲ್ಲಿ ಎಂದು ಕೇಳಿದರೆ ಯಾರೂ ದಾರಿ ಹೇಳುತ್ತಿರಲಿಲ್ಲ. ಸದ್ದು ಬರುವ ಕಡೆಗೆ ಹೋಗಿ ಎನ್ನುತ್ತಿದ್ದರು. ಆಲೆಮನೆಯ ಗಾಣ, ಟ್ರಾಕ್ಟರಿನ ನೇಗಿಲು, ಪಂಪ್‌ಸೆಟ್ಟಿನ ಶಾಫ್ಟು, ಯಾವುದು ಕೈಕೊಟ್ಟರೂ ಸುತ್ತಲ ಹಳ್ಳಿಯವರು ಅವನ ಮನೆಯ ಹಿತ್ತಲಿಗೇ ತಂದು ಇಳಿಸುತ್ತಿದ್ದರು. ಅಲ್ಲಿದ್ದ ಹಳೆಯ ಲೇತು ಮತ್ತು ವೆಲ್ಡಿಂಗ್ ಸೆಟ್ಟು ಅವನ ಹೊಟ್ಟೆಪಾಡಿನವು. ಮೂಲೆಯಲ್ಲಿ ಗೋಣಿತಾಟು ಹೊದ್ದು ಕೂತಿದ್ದದ್ದು ಮಾತ್ರ ಅವನ ಪ್ರಾಣ.

ಅದನ್ನು ಅವನು ಸಿ.ಎನ್.ಸಿ. ಎನ್ನುತ್ತಿದ್ದ. ಬೀದಿಯವರಿಗೆ ಆ ಹೆಸರು ನಾಲಿಗೆಗೆ ಹತ್ತದೆ ‘ಸೀನಪ್ಪ’ ಆಗಿತ್ತು. ಮದುವೆಗೆ ಮುಂಚೆ ತಿಮ್ಮರಾಜು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಹೊರದೇಶದಿಂದ ಸಿ.ಎನ್.ಸಿ. ಎಂಬ ಒಂದು ಯಂತ್ರ ಬಂತು. ಯಾರೂ ಹಿಡಿಯದೆ, ತಿರುಗಿಸದೆ, ಕಂಪ್ಯೂಟರು ಹೇಳಿದಷ್ಟು ಹೋಗಿ, ಹೇಳಿದಲ್ಲಿ ನಿಂತು, ಹೇಳಿದಂತೆ ಕೊರೆಯುತ್ತಿತ್ತು. ಆಮೇಲೆ ಕಾರ್ಖಾನೆ ಮುಚ್ಚಿತು, ತಿಮ್ಮರಾಜು ಊರಿಗೆ ಬಂದ, ಮದುವೆಯಾಯಿತು. ಆದರೆ ಆ ಯಂತ್ರ ಅವನ ತಲೆಯಿಂದ ಇಳಿಯಲೇ ಇಲ್ಲ. ಕೆಲವರಿಗೆ ಹೆಣ್ಣಿನ ಗೀಳು, ಕೆಲವರಿಗೆ ಇಸ್ಪೀಟಿನ ಗೀಳು. ಇವನಿಗೆ ಅಂಥದ್ದೊಂದನ್ನು ತಾನೇ ಕಟ್ಟುವ ಗೀಳು. ಗುಜರಿಯಲ್ಲಿ ಹಳೆಯ ಪ್ರಿಂಟರುಗಳನ್ನು ಹುಡುಕಿ ತಂದು ಅವುಗಳ ಹೊಟ್ಟೆಯಿಂದ ಪುಟ್ಟ ಮೋಟರುಗಳನ್ನು ಕಿತ್ತ. ಯಾವುದೋ ಆಫೀಸಿನವರು ಬಿಸಾಕಿದ ಕಂಪ್ಯೂಟರೊಂದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಶ್ರೀರಂಗಪಟ್ಟಣದಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿದ್ದ ರವೀಂದ್ರ ಅವನಿಗೆ ಜೊತೆಯಾದ. ಕರೆಂಟಿನ ಕೆಲಸ, ಕಂಪ್ಯೂಟರಿಗೆ ಹೇಳಿಕೊಡುವ ಕೆಲಸ ರವೀಂದ್ರನದು. ಕಬ್ಬಿಣದ ಕೆಲಸ ಇವನದು.

ಕಡೆಗೂ ಒಂದು ದಿನ ಸೀನಪ್ಪ ನಡೆಯಿತು. ಅಡ್ಡಕ್ಕೆ, ಉದ್ದಕ್ಕೆ, ಮೇಲಕ್ಕೆ ಕೆಳಕ್ಕೆ, ಹೀಗೆ ಮೂರು ನಡೆ. ಗರಗರ ತಿರುಗುವ ಉಳಿಯನ್ನು ಹಿಡಿದುಕೊಂಡು ಹಲಗೆಯ ಮೇಲೆ ಓಡಾಡಿ ಬೆಲ್ಲದ ಅಚ್ಚು ಕೊರೆಯುತ್ತಿತ್ತು, ಬಾಗಿಲಿಗೆ ಹೂಬಳ್ಳಿ ಕೆತ್ತುತ್ತಿತ್ತು. ನೋಡಲು ಜನ ಬಂದರು, ಹುಬ್ಬೇರಿಸಿದರು, ಹೋದರು. ‘ನನ್ನ ಸವತಿ ಏನಂತಾಳೆ ಇವತ್ತು?’ ಎಂದು ಹೆಂಡತಿ ಯಶೋದಮ್ಮ ದಿನಾ ಕಾಫಿ ತಂದಾಗ ಕೇಳುತ್ತಿದ್ದಳು. ಕೇಳಿದರೂ ಕಾಫಿ ಮಾತ್ರ ತಪ್ಪಿಸುತ್ತಿರಲಿಲ್ಲ.

ಹಲಗೆ ಸರಿ, ಆದರೆ ದುಂಡನೆಯ ವಸ್ತುವನ್ನು ಸುತ್ತಲೂ ಕೊರೆಯುವುದು ಸೀನಪ್ಪನಿಗೆ ಬರುತ್ತಿರಲಿಲ್ಲ. ಅದಕ್ಕೆ ನಾಲ್ಕನೆಯ ನಡೆ ಬೇಕು; ಮರವೇ ತನ್ನ ಸುತ್ತ ತಾನು ತಿರುಗಬೇಕು. ಆ ನಾಲ್ಕನೆಯ ನಡೆ ತನಗೆ ಬೇಕೇ ಬೇಕು ಎಂದು ತಿಮ್ಮರಾಜುವಿಗೆ ಅನ್ನಿಸಿದ್ದು ಅವನ ಅವ್ವನಿಂದ.

ದ್ಯಾವಮ್ಮ ಕಿಕ್ಕೇರಿ ಕಡೆಯ ಹೆಣ್ಣು. ಮದುವೆಯಾಗಿ ಬರುವಾಗ ತವರಿನಿಂದ ಒಂದು ಶ್ಯಾವಿಗೆ ಒರಳು ತಂದಿದ್ದಳು. ಈಗಿನ ಅಂಗೈಯಗಲದ ಹಿತ್ತಾಳೆಯದಲ್ಲ. ಕೂತವರ ಎದೆಯೆತ್ತರದ ಮರದ ಚೌಕಟ್ಟು, ನಡುವೆ ತೋಳುಗಾತ್ರದ ಮರದ ತಿರುಪು, ತಿರುಪಿನ ನೆತ್ತಿಗೆ ಉದ್ದನೆಯ ಅಡ್ಡಹಿಡಿ. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿ ಒಳಗೆ ಹಾಕಿ, ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ತಿರುಪು ಕೆಳಗಿಳಿದು ಹಿಟ್ಟನ್ನು ಒತ್ತುತ್ತದೆ, ತಳದ ತೂತುಗಳಿಂದ ಶ್ಯಾವಿಗೆ ಎಳೆಎಳೆಯಾಗಿ ಇಳಿಯುತ್ತದೆ. ಬೀದಿಯಲ್ಲಿ ಯಾರ ಮನೆಗೆ ಬೀಗರು ಬಂದರೂ, ಯಾರ ಮಗಳು ಬಾಣಂತನಕ್ಕೆ ಬಂದರೂ ಹಿಟ್ಟಿನ ಪಾತ್ರೆ ದ್ಯಾವಮ್ಮನ ಪಡಸಾಲೆಗೆ ಬರುತ್ತಿತ್ತು. ಅವಳೇ ಮಣೆ ಹಾಕಿಕೊಂಡು ಕೂತು ಹಿಡಿ ಎಳೆಯುತ್ತಿದ್ದಳು. ಯಾರ ಹಿಟ್ಟು ಹದ ತಪ್ಪಿದೆ, ಯಾರ ಸೊಸೆ ನೀರು ಜಾಸ್ತಿ ಹಾಕಿದಳು ಎಂದು ಅವಳಿಗೆ ಹಿಡಿಯ ಬಿಗಿಯಲ್ಲೇ ಗೊತ್ತಾಗುತ್ತಿತ್ತು, ಮುಲಾಜಿಲ್ಲದೆ ಹೇಳಿಯೂಬಿಡುತ್ತಿದ್ದಳು. ಬೈಸಿಕೊಂಡವರು ನಗುತ್ತಾ ಹೋಗಿ, ಕಾಯಿಹಾಲಿನೊಂದಿಗೆ ಅದೇ ಶ್ಯಾವಿಗೆಯನ್ನು ಒಂದು ತಟ್ಟೆ ಅವಳಿಗೂ ಕಳಿಸುತ್ತಿದ್ದರು.

ತೊಂಬತ್ತೇಳನೆಯ ಇಸವಿಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಕಾಲು ಸುಧಾರಿಸಿತು, ತೊದಲುತ್ತಿದ್ದ ಮಾತೂ ನಿಧಾನಕ್ಕೆ ಸರಿಹೋಯಿತು. ಬಲಗೈ ಮಾತ್ರ ಎದ್ದೇಳಲಿಲ್ಲ. ಅದನ್ನೂ ಅವಳು ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದೆ ಹೋದದ್ದು ಬೇರೆ. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದ ನೆಂಟರಿಗೆ ಅವಳು ಎಲೆಯಡಿಕೆಯ ತಟ್ಟೆ ಎತ್ತಿ ಕೊಟ್ಟಳು. ಇದ್ದದ್ದು ಒಂದೇ ಕೈ, ಅದರಲ್ಲೇ ಕೊಟ್ಟಳು. ಪಕ್ಕದಲ್ಲಿದ್ದ ಗಂಡ ಕೆಂಪಣ್ಣ, ‘ಎಡಗೈಲಿ ಕೊಡ್ತೀಯಲ್ಲಮ್ಮಿ!’ ಎಂದು ತಟ್ಟೆ ಕಿತ್ತುಕೊಂಡು ತಾನೇ ಕೊಟ್ಟ. ಕೆಟ್ಟ ಮನಸ್ಸಿನಿಂದಲ್ಲ. ಹುಟ್ಟಿದಾಗಿನಿಂದ ಬಂದ ಮಾತು, ಯೋಚಿಸುವ ಮೊದಲೇ ಬಾಯಿಂದ ಬಿದ್ದುಹೋಯಿತು. ಆದರೆ ಅವತ್ತಿನಿಂದ ದ್ಯಾವಮ್ಮ ಯಾರಿಗೂ ಏನನ್ನೂ ಕೊಡಲಿಲ್ಲ. ಬಡಿಸಲಿಲ್ಲ, ಕುಂಕುಮ ಕೊಡಲಿಲ್ಲ, ಪಡಸಾಲೆಗೇ ಬರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಒರಗಿ ಕೂತಳು. ಯಾರಾದರೂ ಹಿಟ್ಟು ತಂದರೆ ‘ನೀವೇ ಒತ್ಕಳಿ’ ಎನ್ನುತ್ತಿದ್ದಳು. ಹಾಗೆ ಒಬ್ಬರಾದ ಮೇಲೊಬ್ಬರು ಹದವರಿಯದೆ ಒತ್ತಿ, ಆರಿ ಕಲ್ಲಾದ ಹಿಟ್ಟಿನ ಮೇಲೆ ಇಬ್ಬಿಬ್ಬರು ಜೋತುಬಿದ್ದು, ಮೊದಲೇ ಸವೆದಿದ್ದ ತಿರುಪಿನ ಸುತ್ತುಗಳು ಚಕ್ಕೆಯೆದ್ದು ಹೋದವು. ಒರಳನ್ನು ಮೂಲೆಗೆ ಸರಿಸಿದರು.

ತಿಮ್ಮರಾಜುವಿಗೆ ಅವ್ವನ ಕೈಗಿಂತ ಅವ್ವನ ಮೌನವೇ ಸಂಕಟವಾಗಿತ್ತು. ಬೈಯುತ್ತಿದ್ದವಳು ಬೈಯುವುದನ್ನೇ ಬಿಟ್ಟರೆ ಮನೆ ಮನೆಯಂತೆ ಇರುವುದಿಲ್ಲ. ಒರಳು ಮತ್ತೆ ತಿರುಗಿದರೆ ಅವ್ವ ಪಡಸಾಲೆಗೆ ಬಂದಾಳು ಎಂದು ಅವನಿಗೆ ಹೇಗೋ ತಲೆಗೆ ಹೊಕ್ಕಿತು. ಆದರೆ ಅಂಥ ತಿರುಪು ಕಡೆಯುವ ಬಡಗಿಗಳು ಈಗ ಇರಲಿಲ್ಲ. ಅವನ ಲೇತು ಕಬ್ಬಿಣದ ತಿರುಪಿನ ಸಣ್ಣ ಸುತ್ತುಗಳಿಗೆ, ಅವನ ಕಸುಬಿನ ಮಾತಿನಲ್ಲಿ ಮರೆಗಳಿಗೆ, ಸೈ; ಬೆರಳುಗಾತ್ರದ ಮರದ ಸುತ್ತುಗಳಿಗೆ ಅಲ್ಲ. ಮರ ಸಿಗಿದು ಬರುತ್ತಿತ್ತು. ಮರ ಮೆಲ್ಲಗೆ ತಿರುಗುತ್ತಿರಬೇಕು, ಗರಗರ ಸುತ್ತುವ ಉಳಿ ಅದರ ಮೈಮೇಲೆ ಹಾಗೇ ಸರಿಯುತ್ತಾ ಹೋಗಬೇಕು. ಅಂದರೆ ನಾಲ್ಕನೆಯ ನಡೆ.

ಕಬ್ಬಿನ ಹಂಗಾಮು ಮುಗಿದು ಶೆಡ್ಡಿಗೆ ಗಾಣಗಳು ಬರುವುದು ನಿಂತ ಮೇಲೆ ಕೆಲಸಕ್ಕೆ ಕೂತ. ಗುಜರಿಯಲ್ಲಿ ಸಿಕ್ಕ ಒಂದು ಗೇರುಪೆಟ್ಟಿಗೆ, ಅದಕ್ಕೊಂದು ಪ್ರಿಂಟರಿನ ಮೋಟರು, ಮುಂದೆ ಮರವನ್ನು ಕಚ್ಚಿ ಹಿಡಿಯುವ ಮೂರು ಹಲ್ಲಿನ ಚಕ್ಕು. ಹೇಳಿದರೆ ಇಷ್ಟೇ. ಮಾಡುವಾಗ ಗೇರು ಅಲುಗಾಡಿತು, ಮೋಟರು ಮುನಿಸಿಕೊಂಡಿತು, ಮರದ ಇನ್ನೊಂದು ತುದಿ ಕುಣಿಯಿತು. ರವೀಂದ್ರ ವಾರಕ್ಕೊಮ್ಮೆ ಅಂಗಡಿ ಮುಚ್ಚಿ ಬಂದು ತಲೆ ಕೆಡಿಸಿಕೊಂಡು ಹೋಗುತ್ತಿದ್ದ. ಕೆಂಪಣ್ಣ ಹೊಲದ ಬದುವಿನಲ್ಲಿ ಬಿದ್ದಿದ್ದ ಹುಣಸೆಮರದ ಒಂದು ದಿಮ್ಮಿಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದು ಶೆಡ್ಡಿನ ಮುಂದೆ ಕೆಡವಿದ. ಅವನ ಮನಸ್ಸಿನಲ್ಲೂ ಆ ಎಲೆಯಡಿಕೆ ತಟ್ಟೆ ಕೂತಿತ್ತೋ ಏನೋ, ಬಾಯಿಬಿಟ್ಟು ಹೇಳುವ ಗಂಡಸಲ್ಲ.

ಎಲ್ಲ ಕೂಡಿಬಂದ ದಿನ ಪೂಜೆ. ನಮ್ಮ ಕಡೆ ಹೊಲಿಗೆ ಮಿಷನ್ನು ಬಂದರೂ ನಿಂಬೆಹಣ್ಣು, ಹಿಟ್ಟಿನ ಗಿರಣಿ ಬಂದರೂ ನಿಂಬೆಹಣ್ಣು. ತಿರುಗುವಂಥದ್ದು ಯಾವುದೇ ಇರಲಿ, ಮೊದಲ ಸುತ್ತು ಬಲಕ್ಕೇ ಆಗಬೇಕು. ಆಮೇಲೆ ಅದು ಜನ್ಮವಿಡೀ ಎಡಕ್ಕೆ ತಿರುಗಿದರೂ ಯಾರೂ ಕೇಳುವುದಿಲ್ಲ. ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಹತ್ತಿಸಿ, ರವೀಂದ್ರ ಗುಂಡಿ ಒತ್ತಿದ. ಚಕ್ಕು ಎಡಕ್ಕೆ ತಿರುಗಿತು.

‘ಲೇ ಲೇ, ನಿಲ್ಸ್ಲಾ!’ ಕೆಂಪಣ್ಣ ಕೂಗಿಕೊಂಡ. ‘ಎಡಕ್ ತಿರುಗ್ತಾ ಅದೆ. ಸುಭ ಕಾರ್ಯದಲ್ಲಿ ಎಡಸುತ್ತಾ?’

‘ಅದ್ಕೇನ್ ಬುಡಿ ಕೆಂಪಣ್ಣೋರೆ,’ ರವೀಂದ್ರ ನಕ್ಕ. ‘ಎರಡು ವೈರು ಅದಲು ಬದಲು ಮಾಡುದ್ರೆ ಆಯ್ತು. ಪೂಜೆ ಮುಗುದ್ಮೇಲೆ ಮೊದ್ಲಿನಂಗೆ ಆಕ್ಬುಡ್ತೀನಿ.’

ವೈರು ಬದಲಾಯಿತು, ಚಕ್ಕು ಬಲಕ್ಕೆ ತಿರುಗಿತು, ತೆಂಗಿನಕಾಯಿ ಒಡೆಯಿತು. ಯಶೋದಮ್ಮ ಪಾಯಸ ತಂದಳು. ಪಾಯಸ ಕುಡಿಯುವಾಗ ಶ್ರೀರಂಗಪಟ್ಟಣದ ಬಸ್ಸು ಹೊರಟಿತೆಂದು ಯಾರೋ ಕೂಗಿದರು, ರವೀಂದ್ರ ಬಾಯಿ ಒರೆಸಿಕೊಳ್ಳುತ್ತಾ ಓಡಿದ. ವೈರಿನ ಮಾತು ಅವನಿಗೂ ಮರೆಯಿತು, ತಿಮ್ಮರಾಜುವಿಗೂ ಮರೆಯಿತು.

ಮಾರನೆಯ ದಿನ ಹುಣಸೆಯ ದಿಮ್ಮಿಯಿಂದ ಸೀಳಿದ ತೋಳುಗಾತ್ರದ ತುಂಡು ಚಕ್ಕಿಗೇರಿತು. ಮರ ತಿರುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ತಿರುಗುತ್ತಿತ್ತು, ಉಳಿ ಸರಿಯುತ್ತಿತ್ತು, ಕೆಂಪನೆಯ ಹುಡಿ ನೆಲಕ್ಕೆ ಬೀಳುತ್ತಿತ್ತು. ಎಷ್ಟೋ ಸಲ ಅದೇ ದಾರಿಯಲ್ಲಿ ಹೋಗಿ ಬಂದು, ಪ್ರತಿ ಸಲವೂ ಒಂದಿಷ್ಟು ಆಳ ಇಳಿದು, ಸಂಜೆಯ ಹೊತ್ತಿಗೆ ಮರದ ಮೈಮೇಲೆ ಸುತ್ತುಗಳು ಎದ್ದು ನಿಂತವು. ತಿಮ್ಮರಾಜು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕೊರೆದು ಮುಗಿದ ತಿರುಪನ್ನು ಕೈಯಲ್ಲಿ ಹಿಡಿದು ಸವರಿದಾಗ ಅವನ ಕಣ್ಣು ಒದ್ದೆಯಾಯಿತು. ಮೈಸೂರಿನ ಆ ಯಂತ್ರವನ್ನು ಕಂಡ ದಿನದಿಂದ ಇದಕ್ಕಾಗಿಯೇ ಕಾದಿದ್ದೆ ಎನ್ನಿಸಿತು.

ಹಳೆಯ ಒರಳಿನ ಒಳಸುತ್ತೂ ಸವೆದುಹೋಗಿತ್ತು; ತಿರುಪು ಕೂರಲು, ನಟ್ಟಿನ ಹಾಗೆ, ಒಳಸುತ್ತಿರುವ ಹೊಸ ಬಳೆ ಬೇಕಲ್ಲ. ಅವ್ವನ ಹಳೆಯ ಸೀರೆಯಲ್ಲಿ ತಿರುಪು ಸುತ್ತಿಕೊಂಡು ನಾಗಮಂಗಲದ ಬಸ್ಸು ಹತ್ತಿದ. ಅಲ್ಲಿ ಹಿತ್ತಾಳೆ ಎರಕದ ತಮ್ಮಯ್ಯ ತಿರುಪಿಗೆ ಎಣ್ಣೆ ಸವರಿ, ಮೇಲೆ ಮೇಣ ಮೆತ್ತಿ, ತಿರುಗಿಸಿ ಬಿಚ್ಚಿ, ಆ ಮೇಣದ ಅಚ್ಚಿನ ಮೇಲೆ ಮಣ್ಣು ಕಟ್ಟಿ ಹಿತ್ತಾಳೆ ಹುಯ್ದ. ‘ಯಾವ ಬಡಗಿ ಕೈಲಿ ಕಡುಸ್ದೆ?’ ಎಂದು ಕೇಳಿದ. ‘ಬಡಗಿ ಅಲ್ಲ, ಮಿಸನ್ನು’ ಎಂದಾಗ ತಿರುಪನ್ನು ತಿರುಗಿಸಿ ಮುರುಗಿಸಿ ನೋಡಿ, ‘ನಿನ್ ಮಿಸನ್ಗೆ ಒಳ್ಳೆ ಕೈ ಅದೆ’ ಎಂದ. ತಿಮ್ಮರಾಜು ಆ ಮಾತನ್ನು ದಾರಿಯುದ್ದಕ್ಕೂ ಮೆಲುಕು ಹಾಕುತ್ತಾ ಬಂದ.

ಒರಳು ಕೂಡಿಸಿದ ದಿನ ಎದುರುಮನೆಯ ಪುಟ್ಟಲಿಂಗಮ್ಮನ ಮನೆಗೆ ಬೀಗರು ಬರುವವರಿದ್ದರು. ಹಬೆಯಾಡುವ ಹಿಟ್ಟಿನ ಪಾತ್ರೆ ಹೊತ್ತು ಅವಳು ಬಂದಳು, ಅವಳ ಹಿಂದೆ ಅರ್ಧ ಬೀದಿ ಬಂತು. ದ್ಯಾವಮ್ಮ ಅಡಿಗೆಮನೆ ಬಾಗಿಲಲ್ಲೇ ಕೂತಿದ್ದಳು. ಪುಟ್ಟಲಿಂಗಮ್ಮ ಹಿಟ್ಟು ತುಂಬಿ, ಹಿಡಿಯನ್ನು ಬಲಕ್ಕೆ ತಿರುಗಿಸಿದಳು. ತಿರುಪು ಮೇಲಕ್ಕೆದ್ದಿತು. ಇನ್ನಷ್ಟು ತಿರುಗಿಸಿದಳು, ಇನ್ನಷ್ಟು ಮೇಲೆ ಬಂತು.

‘ಇದೇನಪ್ಪ, ನಿನ್ ಸೀನಪ್ಪ ಆಕಾಸಕ್ಕೆ ಒತ್ತಾನಾ ಸ್ಯಾವ್ಗೆಯ?’ ಎಂದಳು. ಬೀದಿಯೆಲ್ಲ ನಕ್ಕಿತು. ಎಡಕ್ಕೆ ತಿರುಗಿಸಿ ನೋಡಿದಳು. ತಿರುಪು ಚೆನ್ನಾಗಿ ಕೆಳಗಿಳಿಯಿತು.

ತಿಮ್ಮರಾಜುವಿಗೆ ಆ ಕ್ಷಣದಲ್ಲೇ ವೈರು ನೆನಪಾಯಿತು. ಚಕ್ಕು ತಿರುಗಬೇಕಾದ ಕಡೆ ತಿರುಗದೆ, ಸುತ್ತು ಎಡಮರೆಯಾಗಿ ಕೊರೆದುಹೋಗಿತ್ತು. ತಿರುಪಿಗೆ ತಕ್ಕ ಬಳೆಯೇ ಆದದ್ದರಿಂದ ನಾಗಮಂಗಲದಲ್ಲೂ ಗೊತ್ತಾಗಲಿಲ್ಲ.

ಕೆಂಪಣ್ಣನ ಮುಖ ಕಪ್ಪಿಟ್ಟಿತು. ‘ಎಡಸುತ್ತು ಕಣ್ಲಾ ಇದು! ಸಾವ್ನ ಮನೇಲಿ ಮಡಕೆ ಇಡ್ಕಂಡು ಸುತ್ತೋ ಸುತ್ತು. ಇದ್ರಲ್ಲಿ ಒತ್ತಿದ್ದ ಬೀಗರ ಎಲೆಗಿಕ್ಕಾರಾ? ತಗುದು ಆಚ್ಗಾಕು.’

‘ಬಲಕ್ ತಿರುಗ್ಸು, ಬಲಕ್ ತಿರುಗ್ಸು ಅಂತ ಬಡ್ಕಂಡೋನು ನೀನೇ ಕಣಪ್ಪ! ಅದ್ಕೇ ಇಂಗಾದ್ದು!’ ತಿಮ್ಮರಾಜು ಎಲ್ಲರೆದುರು ಕಿರುಚಿಬಿಟ್ಟ.

ಕೆಂಪಣ್ಣ ಟವೆಲು ಕೊಡವಿಕೊಂಡು ಹೊರಗೆ ಹೋದ. ಪುಟ್ಟಲಿಂಗಮ್ಮ ಪಾತ್ರೆ ಎತ್ತಿಕೊಂಡಳು. ಅಪ್ಪನಿಗೆ ಹಾಗೆ ಅನ್ನಬಾರದಿತ್ತು ಎಂದು ತಿಮ್ಮರಾಜುವಿಗೆ ಬಾಯಿ ಮುಚ್ಚುವ ಮೊದಲೇ ಅನ್ನಿಸಿತ್ತು, ಆದರೆ ಸೋತವನ ಸಿಟ್ಟು ಅದನ್ನೆಲ್ಲ ನೋಡುವುದಿಲ್ಲ. ತಿರುಪು, ಬಳೆ ಎರಡನ್ನೂ ಬಿಚ್ಚಿ ಶೆಡ್ಡಿನ ಮೂಲೆಗೆ ಎಸೆದ. ಅಡಿಗೆಮನೆ ಬಾಗಿಲ ಕಡೆ ನೋಡುವ ಧೈರ್ಯ ಬರಲಿಲ್ಲ.

ಮತ್ತೆ ಮೊದಲಿನಿಂದ. ಈ ಸಲ ಪೂಜೆಯಿಲ್ಲ, ಪಾಯಸವಿಲ್ಲ. ವೈರು ಸರಿಮಾಡಿ, ಯಾವ ಕಡೆಯದು ಯಾವುದು ಎಂದು ಬಣ್ಣ ಹಚ್ಚಿ, ಮೊದಲು ಒಂದು ಮೂಲಂಗಿಯನ್ನು ಚಕ್ಕಿಗೆ ಸಿಕ್ಕಿಸಿ ಸುತ್ತು ಕೊರೆದು ನೋಡಿದ. ಯಶೋದಮ್ಮ ಆ ಮೂಲಂಗಿಯನ್ನು ಸಾರಿಗೆ ಹಾಕಿದಳು. ಹುಣಸೆಯ ಉಳಿದ ತುಂಡಿನಲ್ಲಿ ಇನ್ನೊಂದು ತಿರುಪು ಹುಟ್ಟಿತು, ನಾಗಮಂಗಲದಲ್ಲಿ ಇನ್ನೊಂದು ಬಳೆ ಹುಟ್ಟಿತು. ಹಿಡಿ ಬಲಕ್ಕೆ ತಿರುಗಿಸಿದರೆ ತಿರುಪು ಇಳಿಯಿತು, ಎಡಕ್ಕೆ ತಿರುಗಿಸಿದರೆ ಏರಿತು. ಎಲ್ಲವೂ ಲೋಕಕ್ಕೆ ಸರಿಯಾಗಿ.

ಈ ಸಲ ತಮ್ಮ ಮನೆಯದೇ ಹಿಟ್ಟು. ಪುಟ್ಟಲಿಂಗಮ್ಮನೂ ಬಂದಿದ್ದಳು. ‘ಮೊದ್ಲು ಅತ್ತೆಮ್ಮನೇ ಒತ್ಲಿ’ ಎಂದು ಯಶೋದಮ್ಮ ಕೈಹಿಡಿದು ಕರೆತಂದಳು. ಬರುವುದಿಲ್ಲ ಎನ್ನುತ್ತಲೇ ದ್ಯಾವಮ್ಮ ಬಂದು ಮಣೆಯ ಮೇಲೆ ಕೂತಳು. ಎಷ್ಟೋ ತಿಂಗಳ ಮೇಲೆ ಅವಳು ಪಡಸಾಲೆಯ ಬೆಳಕಿನಲ್ಲಿ ಕೂತದ್ದು. ತಿಮ್ಮರಾಜು ಕಂಬ ಹಿಡಿದು ನಿಂತ.

ಅವಳು ಎಡಗೈಯಿಂದ ಹಿಡಿಯನ್ನು ಬಲಕ್ಕೆ ತಳ್ಳಿದಳು. ಸ್ವಲ್ಪ ಸರಿಯಿತು, ನಿಂತಿತು. ಮತ್ತೆ ತಳ್ಳಿದಳು. ಅಂಗೈ ಜಾರಿತು. ಮಣೆ ಸರಿಸಿಕೊಂಡು ಪಕ್ಕದಿಂದ ನೋಡಿದಳು, ಮೊಣಕೈ ಕೊಟ್ಟು ನೋಡಿದಳು. ಹಣೆಯಲ್ಲಿ ಬೆವರು ಮೂಡಿತು.

‘ನಂಗಾಗಾಕಿಲ್ಲ ಬುಡಿ’ ಎಂದು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಪುಟ್ಟಲಿಂಗಮ್ಮ ಒತ್ತಿದಳು. ಎಳೆ ಚೆನ್ನಾಗಿ ಬಂತು, ಎಲ್ಲರೂ ಹೊಗಳಿದರು. ತಿಮ್ಮರಾಜು ತಟ್ಟೆ ಮುಟ್ಟದೆ ಎದ್ದು ಶೆಡ್ಡಿಗೆ ಹೋದ. ಕೆಲಸ ಗೆದ್ದಿತ್ತು, ಯಾವುದಕ್ಕಾಗಿ ಕೆಲಸವೋ ಅದು ಸೋತಿತ್ತು. ಅವ್ವನನ್ನು ಎಲ್ಲರೆದುರು ಕೂರಿಸಿ, ಅವಳ ಕೈಲಾಗದ್ದನ್ನು ಊರಿಗೆ ತೋರಿಸಿದಂತಾಯಿತಲ್ಲ ಎಂದು ಅವನು ಒಳಗೊಳಗೇ ಬೆಂದ.

ಮಾರನೆಯ ಬೆಳಿಗ್ಗೆ ಅವನು ಶೆಡ್ಡಿನ ಬೀಗ ತೆಗೆಯುತ್ತಿದ್ದಾಗ ಹಿಂದೆ ಕಾಲೆಳೆಯುವ ಸದ್ದು ಕೇಳಿಸಿತು. ದ್ಯಾವಮ್ಮ ಹಿತ್ತಲಿಗೆ ಬಂದಿದ್ದಳು.

‘ಆ ತಪ್ಪಾದ್ದು ಎಲ್ಲಿಕ್ಕಿದ್ದೀಯ್ಲಾ?’

‘ಯಾಕವ್ವ? ಒಲೆಗಾ?’

‘ಒಲೆಗ್ಯಾಕ್ಲಾ? ತಂದು ಒರ್ಳಿಗಾಕು. ಪುಟ್ಟಲಿಂಗಿ ಅದ ಎಡಕ್ ತಿರುಗ್ಸುದ್ನ ನೋಡ್ತಾ ಕುಂತಿದ್ದೆ. ಈ ಕೈಲಿ ನಂಗೆ ತಳ್ಳಕ್ಕಾಗಾಕಿಲ್ಲ. ಎಳ್ಯಕ್ಕಾಯ್ತದೆ.’

ತಿಮ್ಮರಾಜು ಅವ್ವನ ಮುಖವನ್ನೇ ನೋಡಿದ. ದಿನಾ ಅವಳು ಅದೇ ಎಡಗೈಯಲ್ಲಿ ಕರುವಿನ ಹಗ್ಗವನ್ನು ಎದೆಗೆ ಎಳೆದುಕೊಳ್ಳುವುದನ್ನು ಕಂಡಿದ್ದ, ಬಾಗಿಲನ್ನು ಎಳೆದುಕೊಳ್ಳುವುದನ್ನು ಕಂಡಿದ್ದ. ಕಂಡಿದ್ದ, ಅಷ್ಟೇ. ಬಲಮರೆಯ ಒರಳಿನಲ್ಲಿ ಎಡಗೈಯವರು ಹಿಡಿಯನ್ನು ದೂರಕ್ಕೆ ನೂಕಬೇಕು. ಎಡಮರೆಯದರಲ್ಲಿ ತನ್ನತ್ತ ಎಳೆದುಕೊಂಡರೆ ಸಾಕು. ಹಿಂದೆ ಬಲಗೈಯಿಂದ ಎಳೆದುಕೊಳ್ಳುತ್ತಿದ್ದಳಲ್ಲ, ಹಾಗೆಯೇ. ಇಷ್ಟು ದಿನ ಯಂತ್ರಕ್ಕೆ ಯಾವ ಕಡೆ ಎಷ್ಟು ನಡೆಯಬೇಕೆಂದು ಹೇಳಿಕೊಟ್ಟವನು, ಅವ್ವನ ಕೈ ಯಾವ ಕಡೆ ನಡೆಯುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

‘ಅಪ್ಪ ಸುಮ್ಕಿರಾಕಿಲ್ಲ ಕಣವ್ವ’ ಎಂದ.

‘ನಾನ್ ನೋಡ್ಕತೀನಿ. ನೀನ್ ಆಕು.’

ಮಧ್ಯಾಹ್ನದ ಹೊತ್ತಿಗೆ ಕೆಂಪಣ್ಣ ಹೊಲದಿಂದ ಬಂದಾಗ ಪಡಸಾಲೆಯಲ್ಲಿ ಹಬೆ ಏಳುತ್ತಿತ್ತು. ದ್ಯಾವಮ್ಮ ಮಣೆಯ ಮೇಲೆ ಕೂತು, ಹಿಡಿಯ ತುದಿಯನ್ನು ಎಡಗೈಯಿಂದ ಎದೆಯತ್ತ ಎಳೆದುಕೊಂಡು, ಬಿಟ್ಟು, ತಿರುಗಿ ಬಂದ ಇನ್ನೊಂದು ತುದಿಯನ್ನು ಹಿಡಿದು ಮತ್ತೆ ಎಳೆದುಕೊಳ್ಳುತ್ತಿದ್ದಳು. ಕೆಳಗೆ ತಟ್ಟೆಯಲ್ಲಿ ಶ್ಯಾವಿಗೆ ಸುರುಳಿಯಾಗಿ ಬೀಳುತ್ತಿತ್ತು. ‘ನೀರು ಜಾಸ್ತಿ ಆಗದೆ ಕಣಮ್ಮಿ, ಹಿಟ್ಟು ಕಲಸ್ದಾಗ ಎಲ್ಲಿತ್ತು ನಿನ್ ಗ್ಯಾನ?’ ಎಂದು ಸೊಸೆಗೆ ಬೈಯುತ್ತಿದ್ದಳು. ಯಶೋದಮ್ಮ ಬೈಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಹಬೆಯ ನೆಪ ಹೇಳಿದಳು.

ಕೆಂಪಣ್ಣ ಹೊಸ್ತಿಲಲ್ಲೇ ನಿಂತ. ‘ಅಮ್ಮೀ, ಅದು ಎಡಸುತ್ತು...’

ದ್ಯಾವಮ್ಮ ಹಿಡಿ ಬಿಡಲಿಲ್ಲ. ‘ಸಾವ್ನ ಮನೆ ಬಾಗ್ಲುಗಂಟ ಓಗಿ ಬಂದೋಳು ನಾನು. ಎಡಕ್ ತಿರುಗುದ್ರೆ ನಂಗಿನ್ನೇನಾಯ್ತದೆ?’ ಎಂದಳು. ‘ಕೈಕಾಲು ತೊಳ್ಕಂಡು ಉಣ್ಣಕ್ ಬಾ.’

ಕೆಂಪಣ್ಣ ಹಿತ್ತಲಿಗೆ ಹೋಗಿ ಕೈಕಾಲು ತೊಳೆದ, ಬಹಳ ಹೊತ್ತು ತೊಳೆದ. ಬಂದು ತಿಮ್ಮರಾಜುವಿನ ಪಕ್ಕ ತಟ್ಟೆಯ ಮುಂದೆ ಕೂತ. ಒರಳಿನಿಂದ ಎದ್ದ ದ್ಯಾವಮ್ಮ ಶ್ಯಾವಿಗೆಯ ಪಾತ್ರೆಯ ಮುಂದೆ ಕೂತಳು. ಆ ಎಲೆಯಡಿಕೆಯ ದಿನದಿಂದ ಬಡಿಸದಿದ್ದ ಕೈ ಒಂದು ಗಳಿಗೆ ಮೇಲೆಯೇ ನಿಂತಿತು. ಆಮೇಲೆ ಎಡಗೈಯಿಂದಲೇ ಒಂದು ಸುರುಳಿ ಎತ್ತಿ ಗಂಡನ ತಟ್ಟೆಗೆ ಇಟ್ಟಳು, ಎಡಗೈಯಿಂದಲೇ ಕಾಯಿಹಾಲು ಹುಯ್ದಳು. ತಿಮ್ಮರಾಜು ಅಪ್ಪನನ್ನು ಓರೆಗಣ್ಣಿನಲ್ಲಿ ನೋಡಿದ.

ಕೆಂಪಣ್ಣ ತಲೆ ತಗ್ಗಿಸಿ ಉಂಡ. ತಟ್ಟೆ ಖಾಲಿಯಾಯಿತು. ಮಾವನಿಗೆ ಇನ್ನಷ್ಟು ಬಡಿಸಲು ಯಶೋದಮ್ಮ ಸೌಟು ಎತ್ತಿಕೊಂಡಳು.

‘ನೀನ್ ಬ್ಯಾಡ ಕಣವ್ವ,’ ಎಂದು ಕೆಂಪಣ್ಣ ತಟ್ಟೆಯನ್ನು ಹೆಂಡತಿಯ ಕಡೆಗೆ ಸರಿಸಿದ. ‘ಅವ್ಳೇ ಇಕ್ಲಿ.’

ಯಶೋದಮ್ಮ ಸೌಟನ್ನು ಅತ್ತೆಯ ಎಡಗೈಗೆ ಕೊಟ್ಟಳು.